ಆ 22 ಚೌಪದಿ ನನ್ನ ಹತ್ತಿರವೇ ಇರಲಿ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಸಿಕ್ಕಿ ಮೂರು ವಾರವಾಯಿತು. ನನ್ನ ಮಗನಿಗಿಂತ ಚಿಕ್ಕವನು ನೀನು, ಹಾಗಾಗಿ ಏಕವಚನ. ಬೇಜಾರಿಲ್ಲ ಅಲ್ವಾ? ನಾಲ್ಕು ನಾಲ್ಕು ಸಾಲಿನ ಪುಟ್ಟ ಪದ್ಯ, ಒಟ್ಟು 60 ಚೌಪದಿ. ರಾಜಕಾರಣಿಗಳ ಮೇಲೆ 38, ಸಾಹಿತಿಗಳ ಮೇಲೆ 22. ಛಂದಸ್ಸಿನ ಲೆಕ್ಕದಲ್ಲಿ ಮಾತ್ರೆ ಸರಿಯಿದೆಯಾ, ಪ್ರಕಾಶಕರು ಸಿಗುತ್ತಾರಾ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಊರ ತುಂಬಾ ಇದ್ದಾರೆ, ಬಿಡು.

ಮೊದಲು ಖುಷಿಯ ಮಾತು. ಇದು ನಿನ್ನದೇ:

ಊರ ಕೆರೆ ಬತ್ತಿ ಬಿರುಕು ಬಿಟ್ಟ ಹೊತ್ತು
ಶಾಸಕರಿಗೆ ರೆಸಾರ್ಟಿನ ಕೊಳವಿತ್ತು.
ಈಜು ಬಾರದವರೂ ಮುಳುಗಲಿಲ್ಲ ಅಲ್ಲಿ,
ಮುಳುಗಿದ್ದು ಊರು, ಒಣ ಕೆರೆಯಲ್ಲಿ.

ಓದಿದ ಕೂಡಲೇ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ಓದಿ ಹೇಳಿದೆ. 2019ರ ಜುಲೈನಲ್ಲಿ ಶಾಸಕರು ಮುಂಬೈ ಹೋಟೆಲ್ ಸೇರಿ ಸರ್ಕಾರ ಬಿದ್ದಾಗ ನಾನೂ ಹತ್ತು ಹನ್ನೆರಡು ಬರೆದಿದ್ದೆ. ಎಲ್ಲದರಲ್ಲೂ ಹೆಸರು, ಪಕ್ಷ, ಇಷ್ಟು ಕೋಟಿ ಅನ್ನೋ ಲೆಕ್ಕ. ಈಗ ತೆಗೆದು ನೋಡಿದರೆ ಯಾವುದು ಯಾರ ಮೇಲೆ ಅಂತ ನನಗೇ ಗೊತ್ತಾಗುವುದಿಲ್ಲ. ನಿನ್ನದರಲ್ಲಿ ಕೆರೆ ಇದೆ.

ಹೆಸರು ಹಾಕಲೇಬಾರದು ಅಂತಲ್ಲ. ಕವಿ ಗೋಪಾಲಕೃಷ್ಣ ಅಡಿಗರು ‘ನೆಹರೂ ನಿವೃತ್ತರಾಗುವುದಿಲ್ಲ’ ಅಂತ ಪದ್ಯದ ನೆತ್ತಿಯ ಮೇಲೇ ಹೆಸರು ಬರೆದರು. 1971ರಲ್ಲಿ ತಾವೇ ಲೋಕಸಭೆಗೆ ನಿಂತು ಸೋತರು. ಚೌಪದಿಯನ್ನು ಮನೆಮಾತು ಮಾಡಿದ ದಿನಕರ ದೇಸಾಯಿಯವರು 1967ರಲ್ಲಿ ಗೆದ್ದು ಸಂಸತ್ತಿಗೇ ಹೋದವರು. ಓಟು ಕೇಳುವ ಕಷ್ಟ ಇಬ್ಬರಿಗೂ ಗೊತ್ತಿತ್ತು. ಇರಲಿ, ರಾಜಕಾರಣಿಯ ಚರ್ಮ ದಪ್ಪ. ಅವನ ಚಿಂತೆ ನನಗಿಲ್ಲ.

ನನ್ನ ಜಗಳ ಇರುವುದು ಉಳಿದ 22ರ ಜೊತೆ. ಹಳೆಗನ್ನಡದ ಕಾಲದಿಂದಲೂ ಕುಕವಿನಿಂದೆ, ಅಂದರೆ ಕೆಟ್ಟ ಕವಿಗಳನ್ನು ಬೈಯುವುದು, ಇದೆ ಅಂತ ಕಾಗದದಲ್ಲಿ ವಾದ ಹೂಡಿದ್ದೀಯ. ಇದೆಯಪ್ಪಾ. ರಾಮಾಯಣ ಬರೆದವರ ಭಾರಕ್ಕೆ ಆದಿಶೇಷ ತಿಣುಕಿದ ಅಂದ ಕುಮಾರವ್ಯಾಸ. ಇಡೀ ಗುಂಪನ್ನೇ ಒಂದು ಏಟಿಗೆ ಮುಗಿಸಿದ, ಒಬ್ಬರ ಹೆಸರೂ ಎತ್ತಲಿಲ್ಲ. ಆಮೇಲೆ ಭಾರತದ ಹತ್ತು ಪರ್ವ ಬರೆದು ತೋರಿಸಿದ. ನಿನ್ನ ಹತ್ತು ಪರ್ವ ಎಲ್ಲಿ?

ಬೈದುಬಿಟ್ಟೆ. ನನ್ನ ಕಥೆಯನ್ನೂ ಕೇಳು.

ಆಗ ನನಗೆ 31. ಎಲ್ಲ ಸಮಿತಿಯಲ್ಲೂ ಕೂರುತ್ತಿದ್ದ ಒಬ್ಬ ಹಿರಿಯ ಕವಿಯ ಮೇಲೆ ಕವಿಗೋಷ್ಠಿಯಲ್ಲಿ ನಾಲ್ಕು ಸಾಲು ಓದಿದೆ. ಶಿಳ್ಳೆ ಬಿತ್ತು. ಒನ್ಸ್ ಮೋರ್ ಅಂದರು, ಇನ್ನೊಂದು ಸಲ ಓದಿದೆ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಕ್ಕರು. ಆ ಶಿಳ್ಳೆಯ ರುಚಿಗೆ ಏಳೆಂಟು ವರ್ಷ ಬರೀ ಅದನ್ನೇ ಬರೆದೆ.

ಅಸಲು ವಿಷಯ ಬೇರೆ ಇತ್ತು. ಆ ವರ್ಷ ಗ್ರಂಥಾಲಯದ ಸಗಟು ಖರೀದಿ ಪಟ್ಟಿಯಲ್ಲಿ ನನ್ನ ಪುಸ್ತಕ ಇರಲಿಲ್ಲ. 300 ಪ್ರತಿ ಮಂಚದ ಕೆಳಗೆ. ತಪ್ಪಿಸಿದ್ದು ಅವರೇನಾ ಅಂತ ಇವತ್ತಿಗೂ ಗೊತ್ತಿಲ್ಲ, ಹೌದು ಅಂತಲೇ ನನ್ನ ಅನುಮಾನ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಸಿಟ್ಟು ಹೋಗಿಲ್ಲ. ಆದರೆ ಪದ್ಯದಲ್ಲಿ ನಾನು ಬರೆದಿದ್ದು ಅವರ ಹೊಟ್ಟೆ, ಅವರ ಪಂಚೆ, ಅವರು ಮೈಕ್ ಹಿಡಿಯುವ ರೀತಿ. ಮಂಚದ ಕೆಳಗಿನ 300 ಪ್ರತಿ, ಅದಕ್ಕೆ ಹಿಡಿದ ಗೆದ್ದಲು, ಗುಡಿಸುವಾಗ ಅಮ್ಮ ದಿನಾ ಗೊಣಗುತ್ತಿದ್ದುದು, ಒಂದೂ ಇಲ್ಲ. ಎಲ್ಲರೂ ನಗಬಹುದಾಗಿದ್ದ ಪದ್ಯ ಅದು, ನನ್ನನ್ನೂ ಸೇರಿಸಿ. ಬರೆಯಲು ನಾಚಿಕೆಯಾಯಿತು.

ನೀನೂ ಹಾಗೇ ಮಾಡಿದ್ದೀಯ. ಸ್ಪರ್ಧೆಯಲ್ಲಿ ಬಹುಮಾನ ತಪ್ಪಿದ್ದು, ಬರೆಯುವುದನ್ನೇ ಬಿಡುತ್ತೇನೆ ಅಂತ ರಾತ್ರಿಯಿಡೀ ಕೂತಿದ್ದು, ಕಾಗದದಲ್ಲಿ ಎರಡು ಪುಟ ಇದೆ. ಚೌಪದಿಯಲ್ಲಿ ಒಂದಕ್ಷರ ಇಲ್ಲ. ಗೆದ್ದವನ ಗಡ್ಡದ ಮೇಲೆ ಮಾತ್ರ ಮೂರು. ಗಡ್ಡ ಏನು ಮಾಡಿತ್ತು ಮಾರಾಯ?

38ನ್ನು ಟಪಾಲಿಗೆ ಹಾಕಿದ್ದೇನೆ. 22 ಇಲ್ಲೇ ಇರಲಿ, ಕೇಳಬೇಡ. ಅದರಲ್ಲಿ ಒಂದು ನನ್ನ ಮೇಲೆಯೇ ಬರೆದಂತಿದೆ. ಸನ್ಮಾನದ ಶಾಲು ಇಡಲು ಬೀರು ಸಾಲದೆ ಹೊಸ ಬೀರು ಕೊಂಡ ಮುದುಕ ಇನ್ಯಾರು? ನನ್ನ ಹತ್ತಿರ ಇರುವುದು ಒಂಬತ್ತೇ ಶಾಲು. ಬೀರು ಕೊಂಡಿದ್ದು ಮಾತ್ರ ನಿಜ. ಮೂರನೇ ಸಾಲಿನಲ್ಲಿ ಮಾತ್ರೆ ತಪ್ಪಿದೆ. ಅದೊಂದನ್ನು ಸರಿಮಾಡಿ ಕಳಿಸು.

ನಿನ್ನ ಅಣ್ಣ