ಒಂದು ಮಳೆಗಾಲ ಇದ್ದು ನೋಡು, ಆಮೇಲೆ ನಿರ್ಧರಿಸು

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ‘ಯೋಚನೆ ಮಾಡಿ ಹೇಳ್ತೀನಿ’ ಅಂದಿದ್ದೆ. ಸಿಗ್ನಲ್ ಸಿಗಬೇಕು ಅಂದರೆ ನಾನು ಮನೆ ಹಿಂದಿನ ಗುಡ್ಡ ಹತ್ತಬೇಕು. ಅಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಅಳಿಯಂದಿರಿಗೂ ಓದಿ ಹೇಳು.

ನೀನು ಹೇಳಿದ್ದು ಇಷ್ಟು. ಈಗಿರುವ ಬಸವನಗುಡಿಯ ಬಾಡಿಗೆ ಮನೆಯಲ್ಲೇ ಮುಂದುವರಿಯುವುದು. ಇಲ್ಲವೇ ಸರ್ಜಾಪುರದ ಕಡೆ ಕಟ್ಟುತ್ತಿರುವ ಮೂರು ರೂಮಿನ ಫ್ಲ್ಯಾಟ್ ತಗೊಳ್ಳುವುದು, ಅದರ ಮುಂಗಡಕ್ಕೆ ಇಲ್ಲಿ ಸಾಗರದ ಹತ್ತಿರ ಇರುವ ಅಮ್ಮನ ಪಾಲಿನ ಅಡಿಕೆ ತೋಟ ಮಾರುವುದು. ಇವೆರಡೂ ಬೇಡ, ಎಲ್ಲ ಬಿಟ್ಟು ಊರಿಗೇ ಬಂದು ತೋಟ ಮಾಡೋಣ ಅನ್ನುವುದು ಅಳಿಯಂದಿರ ಆಸೆ. ಈ ಮೂರು ಬಗೆಯ ಬದುಕನ್ನೂ ನಾನು ಬದುಕಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿನ್ನ ಅಮ್ಮನ ಪಾಲಿನ ತೋಟ ನೋಡಿಕೊಳ್ಳುತ್ತಿರುವವನು ನಾನೇ. ಅದನ್ನು ಮಾರಬೇಡ ಅಂತ ನಾನು ಹೇಳಿದರೆ, ಮಾವನಿಗೆ ಸ್ವಂತ ಲಾಭ ಇದೆ ಅಂತ ನಿನಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ. ಇನ್ನೊಬ್ಬರ ಹತ್ತಿರವೂ ಕೇಳು.

ನಾನು 1984ರಲ್ಲಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದೆ. ಹನ್ನೊಂದು ವರ್ಷ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆ. ಒಂದೂವರೆ ರೂಮು, ನಾಲ್ಕು ಮನೆಗೆ ಒಂದು ನಲ್ಲಿ. ನಿಮ್ಮತ್ತೆಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ನನಗೂ ಸ್ವಂತದ್ದೊಂದು ಸೂರು ಬೇಕು ಅನ್ನುವ ಹಟ. ಕೆಂಗೇರಿ ದಾಟಿದ ಮೇಲೆ ಒಂದು ಸೈಟು ಅಗ್ಗಕ್ಕೆ ಸಿಕ್ಕಿತು. ಮಾರಿದವರು ನಕ್ಷೆಯಲ್ಲಿ ಪಾರ್ಕು ತೋರಿಸಿದರು, ನೀರಿನ ಟ್ಯಾಂಕು ತೋರಿಸಿದರು, ‘ಇನ್ನೆರಡು ವರ್ಷಕ್ಕೆ ಬಸ್ಸು ನಿಮ್ಮ ಮನೆ ಮುಂದೇ’ ಅಂದರು. 1995ರಲ್ಲಿ ಗೃಹಪ್ರವೇಶ. ನೀನು ಆಗ ಚಿಕ್ಕವಳು, ಹೊಸ ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ಲಾಡು ತಿಂದಿದ್ದೆ.

ಆ ಪಾರ್ಕು ನಕ್ಷೆಯಲ್ಲೇ ಉಳಿಯಿತು. ಇರಲಿ, ಅದು ದೊಡ್ಡ ನಷ್ಟ ಅಲ್ಲ. ನಷ್ಟ ಆದದ್ದು ಬೇರೆ. ನನ್ನ ಆಫೀಸು ಶಿವಾಜಿನಗರದ ಹತ್ತಿರ. ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಒಂದು ಮೈಲಿ ನಡೆದು ಮನೆ ಸೇರುವಾಗ ರಾತ್ರಿ ಒಂಬತ್ತು. ನನ್ನ ಮಗ ಅಷ್ಟು ಹೊತ್ತಿಗೆ ಮಲಗಿರುತ್ತಿದ್ದ. ಬೆಳಿಗ್ಗೆ ನಾನು ಹೊರಡುವಾಗಲೂ ನಿದ್ದೆಯಲ್ಲೇ ಇರುತ್ತಿದ್ದ. ಬಾಗಿಲ ಪಕ್ಕದಲ್ಲಿ ಅವನ ಸ್ಕೂಲ್ ಶೂ ಇರುತ್ತಿತ್ತು, ಒಳಗೆ ಸಾಕ್ಸ್ ತುರುಕಿ, ಗೋಡೆಗೆ ಒರಗಿಸಿ. ಕರೆಂಟು ಹೋದ ಒಂದು ರಾತ್ರಿ ಕತ್ತಲಲ್ಲಿ ಆ ಶೂ ಎಡವಿದೆ. ಎತ್ತಿ ಇಡೋಣ ಅಂತ ಕೈಗೆ ತಗೊಂಡರೆ ನನ್ನ ಗೇಣಿಗಿಂತ ಉದ್ದ ಇತ್ತು. ಇದು ಯಾವಾಗ ತಂದದ್ದು ಅಂದೆ. ‘ಎರಡು ತಿಂಗಳಾಯ್ತು, ಹಳೇದು ಕಾಲಿಗೆ ಹಿಡಿಯಲ್ಲ’ ಅಂದಳು ನಿಮ್ಮತ್ತೆ. ಬಾಗಿಲಲ್ಲೇ ಕೂತುಬಿಟ್ಟೆ ಪುಟ್ಟಿ. ನನ್ನ ಮಗ ಬೆಳೆದದ್ದು ನನಗೆ ಶೂ ನೋಡಿ ಗೊತ್ತಾಯಿತು.

ಸೈಟು ಅಗ್ಗಕ್ಕೆ ಸಿಕ್ಕಿತು ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಉಳಿದ ಬೆಲೆಯನ್ನು ಹದಿನೇಳು ವರ್ಷ ದಿನಾ ಬಸ್ಸಿನಲ್ಲಿ ಕಟ್ಟಿದೆ.

ಅದಕ್ಕೇ ಹೇಳುತ್ತೇನೆ, ಯಾವ ಮನೆ ನೋಡಿದರೂ ಮೊದಲು ಸಂಜೆಯ ಲೆಕ್ಕ ಹಾಕು. ನೀನು ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೀಯ, ಆಗ ಪಾಪು ಎದ್ದಿರುತ್ತಾಳಾ? ಈಗ ನಿನ್ನ ಬ್ಯಾಂಕಿಗೆ ಜಯನಗರಕ್ಕೆ ಹತ್ತು-ಹದಿನೈದು ನಿಮಿಷ. ಅಳಿಯಂದಿರು ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು. ಅವರಿಗೂ ಈಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಇದೆ. ಕಂಬ ಎದ್ದು ಎಷ್ಟೋ ವರ್ಷ ಕಾದ ಮೇಲೆ 2025ರ ಆಗಸ್ಟ್‌ನಲ್ಲಿ ರೈಲು ಓಡಿತು. ಸರ್ಜಾಪುರಕ್ಕೂ ಮೆಟ್ರೊ ಬರುತ್ತೆ ಅಂತ ಫ್ಲ್ಯಾಟಿನವರು ಹೇಳಿದರು ಅಂದೆಯಲ್ಲ. ಬರಬಹುದು. ಬರುವ ಹೊತ್ತಿಗೆ ಪಾಪು ಎಷ್ಟನೇ ಕ್ಲಾಸಿನಲ್ಲಿರುತ್ತಾಳೆ ಅಂತ ಯೋಚನೆ ಮಾಡು. ಬರುತ್ತೆ ಅನ್ನುವುದಕ್ಕೆ ದುಡ್ಡು ಕೊಡಬೇಡ, ಬಂದಿದೆ ಅನ್ನುವುದಕ್ಕೆ ಕೊಡು.

ನೀರಿನದೂ ಇದೇ ಕತೆ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಏರುದಾರಿಯಲ್ಲಿ ಪಂಪು ಮಾಡಿ ತರುವ ನೀರು ಅದು. ಸುಮ್ನೆ ಬರುವುದಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಯಿತು, ನೆನಪಿದೆ ಅಲ್ವಾ? ಆ ಫ್ಲ್ಯಾಟು ನೋಡಲು ನೀವು ಹೋದದ್ದು ಡಿಸೆಂಬರಿನಲ್ಲಿ. ಏಪ್ರಿಲ್‌ನಲ್ಲಿ ಒಮ್ಮೆ ಹೋಗು. ಪಕ್ಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅರ್ಧ ದಿನ ನಿಂತು ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತೆ ಅಂತ ಎಣಿಸು. ಸೆಕ್ಯುರಿಟಿಯವರನ್ನು ಕೇಳು, ಅವರು ನಿಜ ಹೇಳುತ್ತಾರೆ.

ಇನ್ನೊಂದು ವಿಷಯ. ನಿನ್ನ ಬಸವನಗುಡಿಯೂ ಒಂದು ಕಾಲಕ್ಕೆ ಊರ ಹೊರಗಿನದೇ. 1898ರಲ್ಲಿ ಪೇಟೆಗೆ ಪ್ಲೇಗ್ ಬಂದಾಗ ಜನ ಗಾಳಿ ಬೆಳಕಿರುವ ಕಡೆ ಹೋಗಲಿ ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆಸಿದರು. ಹಾಗಾಗಿ ಹೊರವಲಯ ಅಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ರಸ್ತೆಯ ಗೆರೆ ಮೊದಲು ಹಾಕಿದರು, ಮನೆ ಆಮೇಲೆ ಎದ್ದವು. ಈಗ ಮನೆ ಮೊದಲು ಏಳುತ್ತವೆ, ಚರಂಡಿ ಎಲ್ಲಿ ಅಂತ ಆಮೇಲೆ ಹುಡುಕುತ್ತಾರೆ.

‘ಬಾಡಿಗೆ ಕಟ್ಟೋದು ದಂಡ ಮಾವ’ ಅಂದೆ. ನೀನೇ ಬ್ಯಾಂಕಿನವಳು, ನಿನಗೆ ಲೆಕ್ಕ ಹೇಳಬೇಕಾ? 80 ಲಕ್ಷ ಸಾಲ, 20 ವರ್ಷ, ನೂರಕ್ಕೆ ಎಂಟೂವರೆ ಬಡ್ಡಿ. ತಿಂಗಳಿಗೆ 69 ಸಾವಿರ ಚಿಲ್ಲರೆ. ಮುಗಿಯುವಾಗ ನೀವು ಕಟ್ಟಿದ್ದು 1 ಕೋಟಿ 66 ಲಕ್ಷ. ಈಗಿನ ಬಾಡಿಗೆ 30 ಸಾವಿರ. ಸಾಲದ ಕಂತು ತಪ್ಪಬಾರದು ಅಂತ ಇಬ್ಬರೂ ಇಷ್ಟವಿಲ್ಲದ ಕೆಲಸಕ್ಕೂ ಅಂಟಿಕೊಂಡಿರಬೇಕಾಗುತ್ತೆ. ಅದನ್ನೂ ಲೆಕ್ಕಕ್ಕೆ ಹಿಡಿ.

ಹಾಗಂತ ಬಾಡಿಗೆ ಮನೆ ಸುಖ ಅಂತ ಹೇಳಲಾರೆ. ಗೋಡೆಗೆ ಒಂದು ಮೊಳೆ ಹೊಡೆಯಲೂ ಕೇಳಬೇಕು. ಓನರ್ ಮಗ ಅಮೆರಿಕದಿಂದ ಬರುತ್ತಾನೆ ಅಂದರೆ ಎರಡು ತಿಂಗಳಲ್ಲಿ ಗಂಟು ಮೂಟೆ ಕಟ್ಟಬೇಕು. ಆ ಅಭದ್ರತೆ ನನಗೆ ಗೊತ್ತು. ಸ್ವಂತದ್ದು ಬೇಕೇ ಬೇಕು ಅನ್ನಿಸಿದರೆ ಚಿಕ್ಕದು ನೋಡು. ರಾಗಿಗುಡ್ಡ, ಬನಶಂಕರಿ ಆಸುಪಾಸಿನಲ್ಲಿ ಹಳೆಯ ಎರಡು ರೂಮಿನ ಫ್ಲ್ಯಾಟು ಮಾರಾಟಕ್ಕೆ ಬರುತ್ತವೆ. ಗೋಡೆ ಹಳತು, ಲಿಫ್ಟು ಹಳತು, ಈಜುಕೊಳ ಇರಲ್ಲ. ಸಂಜೆ ಇರುತ್ತೆ. ಎಲ್ಲೇ ಆಗಲಿ, ಪಾಲಿಕೆಯ ಸಕ್ರಮ ದಾಖಲೆಯಾದ ‘ಎ’ ಖಾತಾ ಇದೆಯಾ, ಕೃಷಿ ಜಮೀನು ಮನೆ ಕಟ್ಟಲು ಅಂತ ಕನ್ವರ್ಷನ್ ಆಗಿದೆಯಾ, ಆಸ್ತಿ ಮೇಲಿನ ಸಾಲ, ಮಾರಾಟ ತೋರಿಸುವ ಮೂವತ್ತು ವರ್ಷದ ಇ.ಸಿ. ಸರಿ ಇದೆಯಾ ಅಂತ ನಿಮ್ಮದೇ ವಕೀಲರಿಂದ ನೋಡಿಸು. ಮಾರುವವರು ಕರೆತಂದ ವಕೀಲರಿಂದ ಬೇಡ.

ಈಗ ಅಳಿಯಂದಿರ ಆಸೆಗೆ ಬರುತ್ತೇನೆ. ಅವರ ಮೇಲೆ ನನಗೆ ಪ್ರೀತಿ ಇದೆ. ಅವರಿಗೆ ಮಣ್ಣಿನ ಆಸೆ ಇರುವುದು ಒಳ್ಳೆಯದೇ. ಆದರೆ ಅವರು ಕಂಡ ಊರು ಯಾವುದು? ಮದುವೆಯಾದ ಮೇಲೆ ದೀಪಾವಳಿಗೆ ಬಂದಿದ್ದಾರೆ, ಮೇ ರಜೆಗೆ ಬಂದಿದ್ದಾರೆ. ದೀಪಾವಳಿಯಲ್ಲಿ ನಮ್ಮ ಸಾಗರದ ಸೀಮೆಗಿಂತ ಚೆಂದದ ಜಾಗ ಭೂಮಿ ಮೇಲೆ ಇಲ್ಲ. ಜುಲೈನಲ್ಲಿ ಒಮ್ಮೆಯೂ ಬಂದಿಲ್ಲ.

ಜುಲೈ ಹೇಗಿರುತ್ತೆ ಹೇಳುತ್ತೇನೆ. ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಬೇಕು, ನಲವತ್ತು ದಿನ ಬಿಟ್ಟು ಇನ್ನೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸುವುದು ಸುಲಭ. ಮರ ಹತ್ತುವ ಕೊನೆಗಾರ ಸಿಗುವುದು ಕಷ್ಟ. ನಮ್ಮ ಕೇರಿಯ ಕೊನೆಗಾರನಿಗೆ ಐವತ್ತೆಂಟು ವರ್ಷ, ಅವನ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಎರಡನೇ ಔಷಧಿ ಹತ್ತು ದಿನ ತಡವಾದರೆ ಕೊಳೆ ಬಂದು ಎಳೆಗಾಯಿ ಮರದ ಬುಡದಲ್ಲಿ ಬಿದ್ದಿರುತ್ತೆ. ಇತ್ತೀಚೆಗೆ ಎಲೆಚುಕ್ಕಿ ರೋಗ ಬೇರೆ. ಹೊಸ ಗಿಡ ನೆಟ್ಟರೆ ಫಸಲು ಕಾಣಲು ಐದಾರು ವರ್ಷ. ಅಲ್ಲಿಯವರೆಗೆ ಮನೆ ಖರ್ಚಿಗೆ ಏನು ಮಾಡುತ್ತೀರಿ ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇದೆಯಾ, ಕೇಳು. ಶಾಲೆಯದೂ ಹೇಳಬೇಕು. ನಮ್ಮೂರ ಶಾಲೆಯಲ್ಲಿ ಒಂಬತ್ತು ಮಕ್ಕಳು, ಒಬ್ಬರೇ ಟೀಚರ್. ತುಂಬಾ ಒಳ್ಳೆಯವರು. ಅವರಿಗೆ ವರ್ಗವಾದರೆ ಬಾಗಿಲು ಮುಚ್ಚುತ್ತೇನೋ ಅನ್ನುವ ಭಯ ನಮಗೆಲ್ಲ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನಿಮ್ಮತ್ತೆಗೆ ಎದೆನೋವು ಬಂದದ್ದು ನಿನಗೆ ಗೊತ್ತು. ಪೂರ್ತಿ ಕತೆ ನಾನು ಹೇಳಿರಲಿಲ್ಲ, ನೀವೆಲ್ಲ ಗಾಬರಿಯಾಗುತ್ತೀರಿ ಅಂತ. ರಾತ್ರಿ ಎರಡು ಗಂಟೆ. ಕರೆಂಟು ಹೋಗಿ ಮೂರು ದಿನವಾಗಿತ್ತು, ಫೋನು ಸತ್ತಿತ್ತು. ನಾನು ಟಾರ್ಚ್ ಹಿಡಿದು ಓಡಿ ಪಕ್ಕದ ಮನೆಯವರನ್ನು ಎಬ್ಬಿಸಿದೆ. ಅವರು ಜೀಪು ತೆಗೆದರು. ಎರಡು ಮೈಲಿ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡ ಒಂದು ಹಲಸಿನ ಮರ ಬಿದ್ದಿದೆ. ಜೀಪಿನ ಲೈಟ್ ಹಾಕಿಕೊಂಡು, ಆ ಮಳೆಯಲ್ಲಿ, ಅಲ್ಲಿನ ಮನೆಗಳವರು ಎದ್ದು ಬಂದರು. ಕಂಬಳಿ ಕೊಪ್ಪೆ ಹೊದ್ದು, ಕತ್ತಿ, ಗರಗಸ ಹಿಡಿದು ಆರೇಳು ಜನ. ಯಾರೂ ಒಂದು ಮಾತಾಡಲಿಲ್ಲ, ಕೊಯ್ಯುವ ಸದ್ದು ಮಾತ್ರ. ಹಿಂದಿನ ಸೀಟಿನಲ್ಲಿ ಅವಳ ಕೈ ನನ್ನ ಕೈಯಲ್ಲಿ ತಣ್ಣಗೆ ಇತ್ತು. ಮುಕ್ಕಾಲು ಗಂಟೆ ಹಿಡಿಯಿತು. ಸಾಗರದ ಆಸ್ಪತ್ರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು, ಮತ್ತೆ 70 ಕಿಲೋಮೀಟರ್. ಸ್ಟೆಂಟ್ ಹಾಕುವಾಗ ಬೆಳಗಾಗಿತ್ತು. ಬಸವನಗುಡಿಯಲ್ಲಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ.

ಈ ಕತೆಯನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಒಮ್ಮೆ ಅನ್ನಿಸುತ್ತೆ, ಇಷ್ಟು ದೂರದಲ್ಲಿ ಅವಳನ್ನು ಇಟ್ಟುಕೊಂಡು ನಾನು ತಪ್ಪು ಮಾಡಿದೆ ಅಂತ. ಇನ್ನೊಮ್ಮೆ ಆ ಕೊಪ್ಪೆ ಹೊದ್ದ ಜನ ಕಣ್ಣಿಗೆ ಕಟ್ಟುತ್ತಾರೆ. ಕೆಂಗೇರಿಯ ಮನೆಯಲ್ಲಿ ಹದಿನೇಳು ವರ್ಷವಿದ್ದೆ, ಪಕ್ಕದ ಮನೆಯವರ ಹೆಸರು ಗೇಟಿನ ಬೋರ್ಡು ನೋಡಿ ಗೊತ್ತಿತ್ತು. ಅದರಲ್ಲಿ ಅವರ ತಪ್ಪಿಲ್ಲ, ಅವರೂ ನನ್ನ ಹಾಗೆ ಒಂಬತ್ತಕ್ಕೆ ಬರುವವರು.

ಹಾಗಾದರೆ ಏನು ಮಾಡಬೇಕು ಅಂತ ನೇರವಾಗಿ ಹೇಳುತ್ತೇನೆ. ಈ ವರ್ಷ ಏನನ್ನೂ ಕೊಳ್ಳಬೇಡಿ, ಏನನ್ನೂ ಮಾರಬೇಡಿ. ಪಾಪುವಿಗೆ ಹತ್ತು ವರ್ಷ ಆಗುವವರೆಗೆ ನಿಮ್ಮ ಕೆಲಸಕ್ಕೆ ಹತ್ತಿರವೇ ಇರಿ, ಮನೆ ಚಿಕ್ಕದಾದರೂ ಸರಿ. ತೋಟವನ್ನು ಮಾತ್ರ ಕಳೆದುಕೊಳ್ಳಬೇಡ. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆವತ್ತಿನಿಂದ ಇಲ್ಲಿ ವಾರಕ್ಕೊಬ್ಬರು ಕಾರಿನಲ್ಲಿ ಬಂದು ಕೇಳಿ ಹೋಗುತ್ತಾರೆ. ಮಾರುವುದು ಒಂದು ದಿನದ ಕೆಲಸ. ಅದೇ ನೀರು, ಅದೇ ನೆರಳಿನ ಎರಡು ಎಕರೆ ನಿನಗೆ ಮತ್ತೆ ಸಿಗಲ್ಲ. ಅಮ್ಮನ ಹೆಸರಿನ ಪಹಣಿ ಸರಿ ಇದೆ, ಪೋಡಿ, ಅಂದರೆ ಪಾಲನ್ನು ಅಳತೆ ಮಾಡಿಸಿ ಬೇರೆ ಮಾಡಿಸುವುದು, ಬಾಕಿ ಇದೆ. ಅದನ್ನು ಈ ಸಲ ಮಾಡಿಸಿಬಿಡೋಣ, ನಾನು ಓಡಾಡುತ್ತೇನೆ. ನಾಳೆ ನೀನು ಏನೇ ತೀರ್ಮಾನ ಮಾಡಿದರೂ ಆಗ ನನ್ನನ್ನು ಕಾಯಬೇಕಾಗಿಲ್ಲ.

ಅಳಿಯಂದಿರು ಆಷಾಢದಲ್ಲಿ ರಜೆ ಹಾಕಿ ಬರಲಿ. ನೀವು ಮೂರೂ ಜನ ಬನ್ನಿ, ಕಡಿಮೆ ಅಂದರೆ ಇಪ್ಪತ್ತು ದಿನ. ಪಾಪುವಿಗೆ ಇನ್ನೂ ಎಲ್‌ಕೆಜಿ, ಇಪ್ಪತ್ತು ದಿನ ತಪ್ಪಿದರೆ ಏನೂ ಆಗಲ್ಲ. ನೆಂಟರ ಹಾಗೆ ಬೇಡ. ಅವರು ನನ್ನ ಜೊತೆ ಔಷಧಿ ಹೊಡೆಸಲು ನಿಲ್ಲಲಿ, ಕರೆಂಟಿಲ್ಲದ ರಾತ್ರಿ ನೋಡಲಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳಲಿ. ಅದೆಲ್ಲ ಆದ ಮೇಲೂ ಅವರ ಮುಖದಲ್ಲಿ ಆಸೆ ಉಳಿದಿದ್ದರೆ, ತೋಟ ಕಲಿಸುವ ಜವಾಬ್ದಾರಿ ನನ್ನದು. ಸಾಗರ ಪೇಟೆಯಲ್ಲಿ ಮನೆ ಮಾಡಿಕೊಂಡು ವಾರಕ್ಕೆ ಮೂರು ದಿನ ತೋಟಕ್ಕೆ ಬರುವ ದಾರಿಯೂ ಇದೆ. ಶಾಲೆ, ಆಸ್ಪತ್ರೆ, ಇಂಟರ್‌ನೆಟ್ ಎಲ್ಲ ಅಲ್ಲಿದೆ. ಅದನ್ನು ಕೂತು ಮಾತಾಡೋಣ.

ತಾಳಗುಪ್ಪದ ರಾತ್ರಿ ರೈಲಿಗೆ ಈಗಲೇ ಟಿಕೆಟ್ ಮಾಡಿಸು, ಆಮೇಲೆ ಸಿಗಲ್ಲ. ಸಾಗರ ಸ್ಟೇಷನ್ನಿಗೆ ನಾನು ಜೀಪು ತರಿಸುತ್ತೇನೆ. ಮೇಲಿನ ಕೋಣೆಗೆ ನಿಮ್ಮತ್ತೆ ಈಗಾಗಲೇ ಹೊಗೆ ಹಾಕಿಸಿದ್ದಾಳೆ, ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಪಾಪುವಿನ ಪಾದವನ್ನು ಒಂದು ಹಾಳೆ ಮೇಲೆ ಇಡಿಸಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕಳಿಸು. ಪೇಟೆಗೆ ಹೋದಾಗ ಅಳತೆಗೆ ಸರಿಯಾಗಿ ಗಂಬೂಟು ತಂದಿಡುತ್ತೇನೆ.

ಇಂತಿ,
ನಿನ್ನ ಮಾವ