ಭಾನುವಾರದ ಗೋ ಪ್ರೋಗ್ರಾಂ ಪಂದ್ಯ: ಬರುವ ಮುನ್ನ ನೋಡಿ

ಎಲ್ಲರ ಗಮನಕ್ಕೆ. ಭಾನುವಾರ ಶಿವಮೊಗ್ಗದಲ್ಲಿ ಗೋ (ಕಪ್ಪು-ಬಿಳಿ ಕಾಯಿಗಳ ಮಣೆಯಾಟ) ಆಡುವ ಪ್ರೋಗ್ರಾಂಗಳ ಪಂದ್ಯ: 9×9 ಮಣೆ, ಚೀನೀ ಎಣಿಕೆ (ಮಣೆಯ ಮೇಲಿನ ಕಾಯಿ, ಸುತ್ತುವರಿದ ಜಾಗ ಎರಡೂ ಲೆಕ್ಕಕ್ಕೆ), 7.5 ಕೋಮಿ (ಎರಡನೆಯದಾಗಿ ಆಡುವ ಬಿಳಿಗೆ ಕೊಡುವ ಅಂಕ). ಸಾಗರ, ತೀರ್ಥಹಳ್ಳಿ ಕಡೆಯವರು ಮಳೆ ನೋಡಿಕೊಂಡು ಬೇಗ ಹೊರಡಿ.

ಮಾಂಟೆ ಕಾರ್ಲೋ (ಮನಬಂದಂತೆ ಹಲವು ಆಟ ಆಡಿಸಿ ನಡೆಗಳನ್ನು ಅಳೆಯುವ ವಿಧಾನ) ಬಳಸುವವರು ಮೊದಲು ಪ್ರೋಗ್ರಾಂ ‘ಕಣ್ಣು’ (ತನ್ನ ಕಾಯಿಗಳೇ ಸುತ್ತುವರಿದ ಖಾಲಿ ಜಾಗ) ಸರಿಯಾಗಿ ಗುರುತಿಸುತ್ತದೆಯೇ ಎಂದು ಪರೀಕ್ಷಿಸಿ. ಮನಬಂದಂತೆ ಆಡಿಸುವಾಗ ತನ್ನದೇ ಕಣ್ಣು ಮುಚ್ಚುವುದನ್ನು ತಡೆಯದಿದ್ದರೆ ಬದುಕಿದ ಗುಂಪೂ ಸಾಯುತ್ತದೆ, ಆಟ ಮುಗಿಯುವುದೇ ಇಲ್ಲ. ನಾಲ್ಕು ಪಕ್ಕ ನೋಡಿದರೆ ಸಾಲದು: ಮಣೆಯ ನಡುವೆ ಕರ್ಣದ ಎರಡು ಜಾಗ ಎದುರಾಳಿಯದಾದರೆ ಅದು ಸುಳ್ಳು ಕಣ್ಣು, ಅಂಚಿನಲ್ಲಾದರೆ ಒಂದೇ ಸಾಕು. ಕೊನೆಗೆ ಆರಿಸಬೇಕಾದ್ದು ಅತಿ ಹೆಚ್ಚು ಸಲ ಪರೀಕ್ಷಿಸಿದ ನಡೆಯನ್ನು; ಎರಡೇ ಸಲ ಆಡಿ ಎರಡೂ ಗೆದ್ದ ನಡೆಯನ್ನು ದಯವಿಟ್ಟು ನಂಬಬೇಡಿ.

ಜಿಟಿಪಿ (ಗೋ ಪ್ರೋಗ್ರಾಂಗಳು ನಡೆಗಳನ್ನು ಪಠ್ಯವಾಗಿ ಕಳಿಸುವ ನಿಯಮಾವಳಿ) ಅಂಕಣಗಳಲ್ಲಿ ‘ಐ’ ಇಲ್ಲ, ‘ಎಚ್’ ಆದಮೇಲೆ ‘ಜೆ’. ಪ್ರತಿ ಉತ್ತರದ ಕೊನೆಗೆ ಎರಡು ಹೊಸಸಾಲು ಕಳಿಸಿ ಫ್ಲಶ್ ಮಾಡಿ. ಇಲ್ಲದಿದ್ದರೆ ನಿಮ್ಮ ನಡೆ ಬಫರ್‌ನಲ್ಲೇ ಉಳಿದು ಸಮಯ ಮೀರಿ ಸೋಲುತ್ತೀರಿ.