ದೋಷ ತೋರಿಸಿದವನ ಬಾಯಿ ಕಟ್ಟಿದ ಬಗ್ಗೆ ದೂರು

ಇವರಿಂದ:
ನಿಮ್ಮ ಮೊಬೈಲ್ ಆಟವನ್ನು ಮೂರು ವರ್ಷಗಳಿಂದ ಆಡುತ್ತಿರುವ ಒಬ್ಬ ಆಟಗಾರ,
ಉದ್ಯಮಬಾಗ, ಬೆಳಗಾವಿ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಆಟಗಾರರ ಸೇವಾ ವಿಭಾಗ

ದಿನಾಂಕ: ಆಗಸ್ಟ್ 5

ವಿಷಯ: ಜುಲೈ ಅಪ್‌ಡೇಟ್‌ನ ದೋಷವನ್ನು ವರದಿ ಮಾಡಿದ ನನ್ನ ಬರಹವನ್ನು ಅಳಿಸಿ, 30 ದಿನ ಮಾತು ನಿರ್ಬಂಧಿಸಿರುವ ಕುರಿತು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೆಯ ಪತ್ರ. ಮೊದಲ ಮೂರಕ್ಕೂ ಒಂದೇ ಉತ್ತರ ಬಂದಿದೆ, ಅದೂ ಇಂಗ್ಲಿಷಿನಲ್ಲಿ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು. ಮೂರು ಸಲವೂ ಅಲ್ಪವಿರಾಮ ಕೂಡ ಅದೇ ಜಾಗದಲ್ಲಿತ್ತು. ಅಮೂಲ್ಯವೆಂದು ಹೇಳುವ ವಸ್ತುವನ್ನು 40 ನಿಮಿಷಗಳಲ್ಲಿ ಅಳಿಸಿ ಹಾಕುವವರನ್ನು ನಾನು ನೋಡುತ್ತಿರುವುದು ಇದೇ ಮೊದಲು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಜುಲೈ 3ರಂದು ನಿಮ್ಮ ಅಪ್‌ಡೇಟ್ ಬಂದಿತು. ಅಂದು ರಾತ್ರಿಯೇ ಆಟ ತಡವರಿಸತೊಡಗಿತು. ಎದುರಾಳಿ ಗೋಡೆಯ ಮರೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಪರದೆ ಕಲ್ಲಾಗುತ್ತದೆ. ಅದಕ್ಕೆ ಮತ್ತೆ ಜೀವ ಬರುವಷ್ಟರಲ್ಲಿ ನಾನು ನೆಲಕ್ಕೆ ಬಿದ್ದಿರುತ್ತೇನೆ. ಮೊದಲು ನೆಟ್‌ವರ್ಕ್ ಮೇಲೆ ಅನುಮಾನಪಟ್ಟೆ. ಬೆಳಗಾವಿಯ ಜುಲೈ ತಿಂಗಳಲ್ಲಿ ಯಾವುದನ್ನು ಬೇಕಾದರೂ ಮಳೆಯ ತಲೆಗೆ ಕಟ್ಟಬಹುದು. ಆದರೆ ಮಳೆ ನಿಂತು, ಸಿಗ್ನಲ್ ತುಂಬಿ ಬಂದ ರಾತ್ರಿಯೂ ಆಟ ಹಾಗೆಯೇ ನಿಂತಿತು.

ನಾನು ಉದ್ಯಮಬಾಗದ ಎರಕದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಕೆಲಸದವನು. ಹನ್ನೊಂದು ವರ್ಷಗಳಿಂದ ತಪ್ಪು ಹುಡುಕಿಯೇ ಸಂಬಳ ಪಡೆಯುತ್ತಿದ್ದೇನೆ. ‘ಆಟ ಕೆಟ್ಟಿದೆ’ ಎಂದು ಕೂಗಿ ಮಲಗುವುದು ನನ್ನಿಂದಾಗುವ ಕೆಲಸವಲ್ಲ. ಹಳೆಯ ರಿಜಿಸ್ಟರೊಂದರ ಕೊನೆಯ ಪುಟಗಳಲ್ಲಿ ಗೆರೆ ಎಳೆದೆ: ದಿನಾಂಕ, ಫೋನ್, ವೈಫೈಯೋ ಮೊಬೈಲ್ ಡೇಟಾವೋ, ಎಷ್ಟನೆಯ ನಿಮಿಷದಲ್ಲಿ ನಿಂತಿತು, ಆಗ ಪರದೆಯ ಮೇಲೆ ಯಾರಿದ್ದರು. ಕೊನೆಯ ಕಾಲಂ ಹಾಕಿದ್ದು ಗೋಕಾಕದಿಂದ ಆಡುವ ನನ್ನ ಭಾವಮೈದುನನ ಮಾತಿನ ಮೇಲೆ. “ಆ ಬೆಂಕಿ ಅಂಗಿಯವರು ಹತ್ತಿರ ಬಂದಾಗಲೇ ನಿಲ್ಲುತ್ತದೆ, ಗಮನಿಸು” ಎಂದಿದ್ದ. ಹನ್ನೆರಡು ದಿನ, ಮೂರು ಫೋನು, 60 ಪಂದ್ಯ. 4 ಜಿಬಿ ರ‍್ಯಾಮ್‌ನ ಎರಡು ಫೋನುಗಳಲ್ಲಿ ಆಟ ಒಟ್ಟು 41 ಸಲ ನಿಂತಿತು. ಅದರಲ್ಲಿ 37 ಸಲ ನೀವು ಹೊಸದಾಗಿ ಮಾರಾಟಕ್ಕೆ ಬಿಟ್ಟ, ಉರಿಯುವ ಜ್ವಾಲೆಯ ಉಡುಪು ತೊಟ್ಟವನೊಬ್ಬ ಪರದೆಯ ಮೇಲಿದ್ದ. 8 ಜಿಬಿಯ ಮೂರನೆಯ ಫೋನಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ಇದನ್ನೇ ಜುಲೈ 16ರ ರಾತ್ರಿ ಎರಡನೆಯ ಪಾಳಿ ಮುಗಿಸಿ ಬಂದು, ಊಟವನ್ನೂ ಮಾಡದೆ, ನಿಮ್ಮ ಆಟಗಾರರ ಬಳಗದ ಕನ್ನಡ ವಿಭಾಗದಲ್ಲಿ ಬರೆದೆ. ರಿಜಿಸ್ಟರಿನ ಪುಟಗಳ ಫೋಟೋ ಹಾಕಿದೆ. ಕೊನೆಗೆ ಒಂದು ವಾಕ್ಯ ಸೇರಿಸಿದೆ: ‘ದುಡ್ಡು ಕೊಟ್ಟು ಕೊಳ್ಳುವ ಉಡುಪನ್ನು ಪರೀಕ್ಷಿಸಲು ನಿಮ್ಮಲ್ಲಿ ಒಂದು ಅಗ್ಗದ ಫೋನ್ ಇಲ್ಲವೇ?’ ಇದರಲ್ಲಿ ಸ್ವಲ್ಪ ಖಾರವಿದೆ, ಒಪ್ಪುತ್ತೇನೆ. ಬೈಗುಳವಂತೂ ಇಲ್ಲ. ಅರ್ಧ ಗಂಟೆಯಲ್ಲಿ ಹನ್ನೊಂದು ಜನ ‘ನಮ್ಮಲ್ಲೂ ಹೀಗೇ ಆಗುತ್ತಿದೆ’ ಎಂದು ಬರೆದರು. ವಿಜಯಪುರದ ಒಬ್ಬ ಹುಡುಗ ವಿಡಿಯೋ ಕೂಡ ಹಾಕಿದ. ಇನ್ನು ಹತ್ತು ನಿಮಿಷಕ್ಕೆ ನನ್ನ ಬರಹವೂ ಇಲ್ಲ, ಆ ಹನ್ನೊಂದು ಉತ್ತರಗಳೂ ಇಲ್ಲ. ‘ನಕಾರಾತ್ಮಕ ವರ್ತನೆ’ಯ ಕಾರಣಕ್ಕೆ 30 ದಿನ ಮಾತು ನಿರ್ಬಂಧಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಉಳಿಯಿತು. ಯಾವ ಪದ ನಕಾರಾತ್ಮಕ ಎಂದು ಕೇಳಿದರೆ ಉತ್ತರವಿಲ್ಲ. ಅದೇ ರಾತ್ರಿ ಇನ್ನೊಬ್ಬ ಒಂಬತ್ತು ಹೃದಯದ ಚಿತ್ರಗಳನ್ನು ಹಾಕಿ ‘ಸೂಪರ್ ಅಪ್‌ಡೇಟ್’ ಎಂದು ಬರೆದಿದ್ದ. ಅದು ಈಗಲೂ ಅಲ್ಲಿದೆ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಫೋನ್ ಒಳ್ಳೆಯದಿರಬೇಕು.

ನಿಮ್ಮ ನಿರ್ಬಂಧ ಬಳಗಕ್ಕೆ ಸೀಮಿತವಲ್ಲ ಎಂಬುದು ಮರುದಿನ ತಿಳಿಯಿತು. ಪಂದ್ಯದೊಳಗೂ ನನ್ನ ಮೈಕ್ ಬಂದ್. ನಮ್ಮದು ನಾಲ್ವರ ತಂಡ. ಎಡಕ್ಕೆ ಸರಿ, ಮೇಲೆ ಹತ್ತು, ಈಗ ಬೇಡ ಎಂದು ಹೇಳುವವನು ನಾನು. ಈಗ ಅಮ್ಮನ ಕೀಪ್ಯಾಡ್ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಭಾವಮೈದುನನಿಗೆ ಕರೆ ಮಾಡುತ್ತೇನೆ, ಅವನು ಅದನ್ನು ಲೌಡ್‌ಸ್ಪೀಕರಿಗೆ ಹಾಕಿ ಉಳಿದಿಬ್ಬರಿಗೆ ಕೇಳಿಸುತ್ತಾನೆ. ಮಧ್ಯದಲ್ಲಿ ಅಮ್ಮನಿಗೆ ಅವರ ತಂಗಿಯ ಕರೆ ಬಂದರೆ ನಾವು ಸೋತಂತೆಯೇ. 799 ರೂಪಾಯಿ ಕೊಟ್ಟು ಸೀಸನ್ ಪಾಸ್ ಕೊಂಡಿದ್ದೇನೆ. ಸೀಸನ್ ಮುಗಿಯುವುದು ಆಗಸ್ಟ್ 12ಕ್ಕೆ, ನಿರ್ಬಂಧ ಮುಗಿಯುವುದು 15ಕ್ಕೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಬಳಗದಲ್ಲಿ ಹೊಲಸು ಮಾತಾಡುವವರಿದ್ದಾರೆ. ಆಟ ರೂಪಿಸಿದವರ ಮನೆಯ ಹೆಂಗಸರನ್ನು ಎಳೆದು ತರುವವರು, ಸೋತ ಸಿಟ್ಟಿಗೆ ಜಾತಿ ಹಿಡಿದು ಬೈಯುವವರು, ಹುಡುಗಿಯ ದನಿ ಕೇಳಿದ ಕೂಡಲೇ ನಾಲಿಗೆ ಹರಿಯಬಿಡುವವರು. ಅವರನ್ನು ಹೊರಗೆ ಹಾಕಿದರೆ ಮೊದಲು ಚಪ್ಪಾಳೆ ತಟ್ಟುವವನು ನಾನು. ನಾನೇ ಅಂಥ ಆರು ಬರಹಗಳನ್ನು ನಿಮ್ಮ ಗಮನಕ್ಕೆ ತಂದಿದ್ದೇನೆ. ಎರಡು ಇನ್ನೂ ಹಾಗೆಯೇ ಇವೆ. ಬೈದವನು ಉಳಿದು, 60 ಪಂದ್ಯದ ಲೆಕ್ಕ ಕೊಟ್ಟವನು ಹೊರಗಾಗಬೇಕಾದರೆ ನಿಮ್ಮ ಜರಡಿಯ ಕಣ್ಣೇ ಉಲ್ಟಾ ಇದೆ.

ಇನ್ನು ನನ್ನ ಕಸುಬಿನ ಮಾತು. ಪತ್ರ ಉದ್ದವಾಗುತ್ತದೆ, ಆಗಲಿ.

ಕೆಲವು ವರ್ಷಗಳ ಹಿಂದೆ ನಾವು ಪುಣೆಯ ಗಿರಾಕಿಯೊಬ್ಬರಿಗೆ ಪಂಪಿನ ಬಾಡಿಗಳನ್ನು ಎರಕ ಹೊಯ್ದು ಕಳಿಸುತ್ತಿದ್ದೆವು. ಜುಲೈನಲ್ಲಿ ಅವರಿಂದ ಒಂದು ಚೀಟಿ ಬಂದಿತು: ನಾಲ್ಕು ಬಾಡಿಗಳು ಸೋರುತ್ತಿವೆ, ನಿಮ್ಮ ಲೋಹ ಕಳಪೆ. ಆಗಿನ ಮೇಲ್ವಿಚಾರಕರು ಚೀಟಿಯನ್ನು ಮೇಜಿನ ಖಾನೆಗೆ ಸೇರಿಸಿದರು. ಸೋಮವಾರ ಆಡಿಟ್ ಇತ್ತು, ಬಾಕಿ ದೂರು ಸೊನ್ನೆ ಎಂದು ತೋರಿಸಬೇಕಿತ್ತು. ಜೊತೆಗೆ ಒಂದು ಸಮರ್ಥನೆಯೂ ಇತ್ತು: ಲೋಹದ ಪರೀಕ್ಷೆ ಸರಿಯಾಗಿಯೇ ಬಂದಿದೆ, ಗಿರಾಕಿಗೆ ಏನು ಗೊತ್ತು? ಮೂರು ವಾರಗಳ ನಂತರ ಲಾರಿಯೊಂದು ಗೇಟಿನ ಮುಂದೆ ಬಂದು ನಿಂತಿತು. ಒಳಗೆ 400 ಬಾಡಿಗಳು, ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ನಮ್ಮದೇ.

ಒಂದೊಂದನ್ನೇ ಎತ್ತಿ, ತೂತುಗಳಿಗೆ ಬಿರಡೆ ಹಾಕಿ, ಒಳಗೆ ಗಾಳಿಯ ಒತ್ತಡ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದೇ ಜಾಗದಿಂದ ಸಾಲುಗಟ್ಟಿ ಮೇಲೇಳುತ್ತಿದ್ದವು. ಒಡೆದು ನೋಡಿದರೆ ಗೋಡೆಯೊಳಗೆ ನುಣ್ಣನೆಯ ಟೊಳ್ಳು, ನಾವು ಬ್ಲೋಹೋಲ್ ಎನ್ನುವುದು. ಲೋಹದಲ್ಲಿ ದೋಷವಿರಲಿಲ್ಲ. ಬಾಡಿಯ ಒಳಗಿನ ಖಾಲಿ ಜಾಗ ಮೂಡಿಸಲು ಅಚ್ಚಿನಲ್ಲಿ ಇಡುವ ಮರಳಿನ ಕೋರ್ ಮಳೆಗಾಲದ ತೇವ ಕುಡಿದಿತ್ತು. ಕಾದ ಲೋಹ ತಾಗಿದ ಕೂಡಲೇ ಆ ತೇವ ಆವಿಯಾಗಿ, ಹೊರಬರಲು ದಾರಿ ಸಿಗದೆ ಅಲ್ಲೇ ಕುಳಿತಿತ್ತು. ಅಂದರೆ ಗಿರಾಕಿ ಹೇಳಿದ ಕಾರಣ ಪೂರ್ತಿ ತಪ್ಪು, ಗಿರಾಕಿಯ ದೂರು ಪೂರ್ತಿ ಸರಿ. ಅಂದಿನಿಂದ ಮಳೆಗಾಲದಲ್ಲಿ ಕೋರ್‌ಗಳನ್ನು ಒಲೆಯ ಬಳಿ ಬೆಚ್ಚಗಿಟ್ಟು, ಅಚ್ಚಿಗಿಡುವ ಮುನ್ನ ಮತ್ತೊಮ್ಮೆ ಕಾಯಿಸುತ್ತೇವೆ. ಆ ಚೀಟಿಯ ನಕಲು ನಮ್ಮ ವಿಭಾಗದ ಗೋಡೆಯ ಮೇಲಿದೆ.

ನಾನೂ ಹೀಗೆಯೇ ತಪ್ಪಿರಬಹುದು. ದೋಷ ಉಡುಪಿನಲ್ಲೇ ಇದೆಯೋ, ಅದರ ಜ್ವಾಲೆಯನ್ನು ಚಿತ್ರಿಸುವ ರೀತಿಯಲ್ಲಿದೆಯೋ, ಬೇರೆಲ್ಲೋ ಇದೆಯೋ ನಿಮ್ಮ ಕೋಡ್ ನೋಡಿದವರಿಗಷ್ಟೇ ತಿಳಿಯಬೇಕು. ಕಳೆದ ವರ್ಷ ಉದ್ದ ಬಂದೂಕಿನ ಬಲ ಕಡಿಮೆಯಾಯಿತೆಂದು ನಾನು ಗಲಾಟೆ ಮಾಡಿದ್ದೆ. ತಿಂಗಳ ನಂತರ ನೋಡಿದರೆ ಅದರಿಂದ ಆಟ ಹದಕ್ಕೆ ಬಂದಿತ್ತು. ಆಟಗಾರನ ಮದ್ದು ಹಲವು ಸಲ ಸುಳ್ಳಾಗುತ್ತದೆ. ಆದರೆ ‘ಇಲ್ಲಿ ನೋಯುತ್ತಿದೆ’ ಎಂದು ಅವನು ಬೆರಳಿಟ್ಟ ಜಾಗ ಅಷ್ಟು ಸುಲಭಕ್ಕೆ ಸುಳ್ಳಾಗುವುದಿಲ್ಲ.

ಒಮ್ಮೊಮ್ಮೆ ಮದ್ದೂ ಸರಿಯಾಗುತ್ತದೆ. ಜಿಟಿಎ ಆನ್‌ಲೈನ್ ಆಟ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲು ಐದಾರು ನಿಮಿಷ ತೆಗೆದುಕೊಳ್ಳುತ್ತದೆ ಎಂದು ಆಟಗಾರರು ವರ್ಷಗಟ್ಟಲೆ ಗೊಣಗುತ್ತಿದ್ದರು. 2021ರ ಫೆಬ್ರವರಿಯ ಕೊನೆಯಲ್ಲಿ ಒಬ್ಬ ಆಟಗಾರ, ಕಂಪನಿಯ ಕೋಡ್ ಕೈಯಲ್ಲಿಲ್ಲದೆಯೇ, ಹೊರಗಿನಿಂದ ಇಣುಕಿ ಕಾರಣ ಹುಡುಕಿದ. ಸುಮಾರು 10 ಎಂಬಿಯ ಒಂದು ಪಟ್ಟಿ, ಅದರಲ್ಲಿ 63,000ದಷ್ಟು ನಮೂದುಗಳು. ಒಂದೊಂದು ನಮೂದನ್ನು ಓದುವಾಗಲೂ ಆಟ ಪಟ್ಟಿಯ ಉದ್ದವನ್ನು ಮತ್ತೆ ಅಳೆಯುತ್ತಿತ್ತು. ಓದಿದ್ದನ್ನು ಸೇರಿಸುವ ಮುಂಚೆ ಹಿಂದಿನ ಎಲ್ಲವುಗಳೊಂದಿಗೆ ಹೋಲಿಸಿ, ಇದು ಮೊದಲೇ ಬಂದಿದೆಯೇ ಎಂದು ನೋಡುತ್ತಿತ್ತು. ಜಾತ್ರೆಗೆ ಬಂದ ಪ್ರತಿಯೊಬ್ಬನನ್ನೂ ಬಾಗಿಲಲ್ಲಿ ನಿಲ್ಲಿಸಿ, ಒಳಗಿರುವ ಎಲ್ಲರ ಮುಖ ನೋಡಿ ಬಂದು ನಂತರ ಬಿಟ್ಟಂತೆ. ಆತ ಅದನ್ನು ಸರಿಪಡಿಸಿಕೊಂಡಾಗ ಅವನ ಕಂಪ್ಯೂಟರಿನಲ್ಲಿ ಆರು ನಿಮಿಷ ಎರಡು ನಿಮಿಷಕ್ಕೂ ಕಡಿಮೆಯಾಯಿತು. ಆ ಆಟ ರೂಪಿಸಿದ ರಾಕ್‌ಸ್ಟಾರ್ ಕಂಪನಿ ಅವನ ಬರಹವನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಮಾರ್ಚ್‌ನಲ್ಲಿ ಆ ಪರಿಹಾರವನ್ನು ಆಟಕ್ಕೆ ಸೇರಿಸಿ, ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ನಿಮ್ಮ ಗಮನಕ್ಕೆ: ಆ ಉದ್ದನೆಯ ಪಟ್ಟಿ ಆಟದೊಳಗೆ ಕೊಳ್ಳಬಹುದಾದ ಸಾಮಾನುಗಳದ್ದು. ಅಂಗಡಿಯೇ ಬಾಗಿಲಿಗೆ ಅಡ್ಡ ನಿಂತಿತ್ತು.

ನನಗೆ ಡಾಲರ್ ಬೇಡ. ಮೈಕ್ ಕೊಡಿ, ಸಾಕು.

ಈವ್ ಆನ್‌ಲೈನ್ ಆಟದ ಐಸ್‌ಲ್ಯಾಂಡಿನ ಕಂಪನಿಯದು ಇನ್ನೊಂದು ದಾರಿ. ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿಯನ್ನು ಅದು 2008ರಿಂದ ಇಟ್ಟುಕೊಂಡಿದೆ. 2011ರಲ್ಲಿ ಆಟದೊಳಗಿನ ಅಲಂಕಾರದ ಕನ್ನಡಕಕ್ಕೆ ವಿಪರೀತ ಬೆಲೆ ಇಟ್ಟಾಗ ಆಟಗಾರರು ಆಟದೊಳಗೇ ದಂಗೆಯೆದ್ದರು. ಕಂಪನಿ ಆ ಮಂಡಳಿಯವರನ್ನು ತನ್ನ ಊರಿಗೇ ಕರೆಸಿ ಕೂರಿಸಿಕೊಂಡು ಮಾತಾಡಿತು, ಆ ವರ್ಷವೇ ಅದರ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಂಥ ಮಂಡಳಿ ನಮಗೂ ಬೇಕೆಂದು ನಾನು ಕೇಳುತ್ತಿಲ್ಲ. ಬೆಳಗಾವಿಯಲ್ಲಿ ಚುನಾವಣೆಗಳಿಗೆ ಬರವಿಲ್ಲ.

ನಿಮಗೆ ಕಾಣದ ಒಂದು ಲೆಕ್ಕ ನನ್ನ ಬಳಿ ಇದೆ. ಮಾರ್ಚ್‌ನಲ್ಲಿ ನಮ್ಮ ಪಾಳಿಯಲ್ಲಿ ಏಳು ಜನ ನಿಮ್ಮ ಆಟ ಆಡುತ್ತಿದ್ದರು. ಚಹಾದ ವಿರಾಮದ ಹದಿನೈದು ನಿಮಿಷವೂ ಅದೇ ಮಾತು. ಈಗ ಉಳಿದಿರುವುದು ನಾವಿಬ್ಬರು. ಹೋದ ಐವರಲ್ಲಿ ಒಬ್ಬನೂ ನಿಮಗೆ ಒಂದು ಸಾಲು ಬರೆದಿಲ್ಲ. ಒಬ್ಬ ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತು, ಎಡಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ, ಬಲಗೈ ಹೆಬ್ಬೆರಳಿನಿಂದ ನಿಮ್ಮ ಚಿಹ್ನೆಯನ್ನು ಒತ್ತಿಹಿಡಿದು ಕಸದ ಬುಟ್ಟಿಗೆ ಎಳೆದ. ಚಹಾ ತುಳುಕಲಿಲ್ಲ. ನಿಮ್ಮ ಪುಸ್ತಕದಲ್ಲಿ ಅವನು ದೂರಿಲ್ಲದ ಗಿರಾಕಿ, ಜಗಳಗಂಟ ನಾನು.

ಇನ್ನು ನನ್ನ ಬೇಡಿಕೆಗಳು. ಬಳಗದಲ್ಲೂ ಪಂದ್ಯದಲ್ಲೂ ನನ್ನ ಮೇಲಿನ ನಿರ್ಬಂಧವನ್ನು ತೆಗೆಯಬೇಕು. ಜುಲೈ 16ರ ನನ್ನ ಬರಹವನ್ನು, ಅದರ ಕೆಳಗಿದ್ದ ಹನ್ನೊಂದು ಉತ್ತರಗಳೊಂದಿಗೆ, ಮರಳಿ ಹಾಕಬೇಕು. ಆ ಹನ್ನೊಂದು ಜನರಲ್ಲಿ ಯಾರಿಗಾದರೂ ನಿರ್ಬಂಧ ಹೇರಿದ್ದರೆ ಅದನ್ನೂ ತೆಗೆಯಬೇಕು. ಹಾಳಾದ ದಿನಗಳಷ್ಟು ಸೀಸನ್ ಪಾಸನ್ನು ಮುಂದಿನ ಸೀಸನ್‌ಗೆ ವಿಸ್ತರಿಸಬೇಕು ಅಥವಾ ಹಣ ಮರಳಿಸಬೇಕು. ದೋಷ ಸರಿಯಾಗುವವರೆಗೆ ಕಡಿಮೆ ರ‍್ಯಾಮ್‌ನ ಫೋನುಗಳಲ್ಲಿ ಇತರರ ಉಡುಪನ್ನು ಸಾದಾ ರೂಪದಲ್ಲಿ ತೋರಿಸುವ ಒಂದು ಗುಂಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಇದು ಬೇಡಿಕೆಯಲ್ಲ, ಸಲಹೆ. ಮೇಲೆ ಹೇಳಿದಂತೆ ನನ್ನ ಮದ್ದು ತಪ್ಪಿರಲೂಬಹುದು.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಅಡಿಯಲ್ಲಿ ನಿಮ್ಮನ್ನು ಕುಂದುಕೊರತೆ ಅಧಿಕಾರಿಯಾಗಿ ನೇಮಿಸಿರುವುದಾಗಿ ನಿಮ್ಮ ಷರತ್ತುಗಳ ಪುಟವೇ ಹೇಳುತ್ತದೆ. ಅದೇ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 24 ಗಂಟೆಗಳೊಳಗೆ ತಿಳಿಸಬೇಕು, 7 ದಿನಗಳೊಳಗೆ ಇತ್ಯರ್ಥಪಡಿಸಬೇಕು. ನನ್ನ ಮೊದಲ ದೂರು ಹೋದದ್ದು ಜುಲೈ 17ಕ್ಕೆ. ಆಗಸ್ಟ್ 12ರೊಳಗೆ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ; ಅಲ್ಲಿಯೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಊರಿನಲ್ಲೇ ದೂರು ಕೊಡಬಹುದು, ನಿಮ್ಮ ಕಚೇರಿ ಎಲ್ಲಿದ್ದರೂ ಸರಿ. 799 ರೂಪಾಯಿಗೆ ಇಷ್ಟೆಲ್ಲ ಏಕೆ ಎಂದು ನಿಮಗನ್ನಿಸಬಹುದು. ನಮ್ಮ ಮನೆಯವರಿಗೂ ಅನ್ನಿಸಿದೆ.

ರಿಜಿಸ್ಟರಿನ ಐದು ಪುಟಗಳ ಸ್ಪಷ್ಟ ಪ್ರತಿ, ಮೂರೂ ಫೋನುಗಳ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಪಾಸ್ ಖರೀದಿಯ ರಸೀದಿ ಮತ್ತು ನಿರ್ಬಂಧದ ಸೂಚನೆಯ ಚಿತ್ರವನ್ನು ಲಗತ್ತಿಸಿದ್ದೇನೆ. ಪುಟ 3ರಲ್ಲಿ ಚಹಾದ ಕಲೆಯ ಕೆಳಗಿರುವ ಅಂಕಿ 14, 11 ಅಲ್ಲ. ನಿಮ್ಮ ತಾಂತ್ರಿಕ ತಂಡದವರಿಗೆ ಏನಾದರೂ ಕೇಳುವುದಿದ್ದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಕರೆ ಮಾಡಲಿ, ಆಮೇಲೆ ನಾನು ಪಾಳಿಯಲ್ಲಿರುತ್ತೇನೆ. ಉತ್ತರ ಕನ್ನಡದಲ್ಲಿರಲಿ.

ಇಂತಿ,
ನಿಮ್ಮ ಆಟಗಾರ
(ಖಾತೆಯ ಸಂಖ್ಯೆ ಲಗತ್ತಿನಲ್ಲಿದೆ)